ಬುಡವೋ ಬುಡುವೋ

ಬಂಡೆಯ ಮೇಲೆ ದರ್ಜಿ ಕೂಗಿದ ಮಾತಿನಲ್ಲಿ ಎರಡೇ ಅಕ್ಷರ ಇದ್ದವು. ಮೊದಲನೆಯದು 'ಬು'. ಅದರಲ್ಲಿ ನನಗೆ ಅನುಮಾನವಿಲ್ಲ. ಎರಡನೆಯದು 'ಡ' ಆಗಿತ್ತೋ 'ಡು' ಆಗಿತ್ತೋ ಎಂಬುದನ್ನು ಇಷ್ಟು ವರ್ಷ ಕಳೆದರೂ ಹೇಳಲಾರೆ. ಈಗಲೂ ಯಾರಾದರೂ ಎತ್ತರದಲ್ಲಿ ನಿಂತು ಕೂಗಿದರೆ, ಅದು ಮಹಡಿಯ ಮೇಲಿನಿಂದ ಮಗುವನ್ನು ಊಟಕ್ಕೆ ಕರೆಯುವ ಕೂಗಾದರೂ ಸರಿ, ನನ್ನ ಕೈ ತಾನಾಗಿ ಹತ್ತಿರದ ಗೋಡೆಯನ್ನು ಹಿಡಿದುಕೊಳ್ಳುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಬಿ.ಎ. ಮುಗಿಸಿ ಮಧುಗಿರಿಯ ಹೈಸ್ಕೂಲೊಂದಕ್ಕೆ ಮೇಷ್ಟ್ರಾಗಿ ಬಂದಿದ್ದೆ. ಸಂಜೆ ಹೋಗಲು ನನಗಿದ್ದ ಒಂದೇ ಜಾಗ ಬಸ್ ನಿಲ್ದಾಣದ ಹತ್ತಿರದ ದರ್ಜಿಯ ಅಂಗಡಿ. ದರ್ಜಿ ಪಾವಗಡದ ಆಚೆಯ ಹಳ್ಳಿಯವನು, ನಲವತ್ತರ ಹತ್ತಿರದವನು. ಮನೆಮಾತು ತೆಲುಗು. ಕನ್ನಡ ಓದಲು ಕಲಿತದ್ದು ಮಧುಗಿರಿಗೆ ಬಂದ ಮೇಲೆ, ಒಂದು ವಾರಪತ್ರಿಕೆಯನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ. ಹೀಗಾಗಿ ಅವನ ಬಾಯಿಂದ ಬರುತ್ತಿದ್ದುದು ಅಚ್ಚಿನ ಕನ್ನಡ. ಊರೆಲ್ಲ 'ಬಂದ್ಬುಟ್ಟೆ' ಎಂದರೆ ಅವನು 'ಬಂದುಬಿಟ್ಟೆ' ಎನ್ನುತ್ತಿದ್ದ. ಊರು 'ಹೆಂಗೆ' ಎಂದರೆ ಅವನು 'ಹೇಗೆ'. ನಡುನಡುವೆ, 'ಅಲ್ಲವೇ' ಎನ್ನುವ ಕಡೆ 'ಕದಾ' ಎಂಬ ಹಾಗೆ, ತೆಲುಗು ನುಸುಳುತ್ತಿತ್ತು, ಅಷ್ಟೇ.

ಆ ಪತ್ರಿಕೆ ಗುರುವಾರ ತುಮಕೂರಿನ ಬಸ್ಸಿನಲ್ಲಿ ಬರುತ್ತಿತ್ತು. ಅದರ ಕೊನೆಯ ಎರಡು ಪುಟಗಳಲ್ಲಿ ಒಂದು ಚಿತ್ರಕಥೆ. ಅದರ ಖಳನಿಗೆ ಹೆಸರಿರಲಿಲ್ಲ. ಮುಖದ ಅರ್ಧಕ್ಕೆ ಶಾಲು ಸುತ್ತಿಕೊಂಡಿರುತ್ತಿದ್ದನಾದ್ದರಿಂದ ನಾವು 'ಮುಸುಕಿನವನು' ಎನ್ನುತ್ತಿದ್ದೆವು. ಅವನ ಕೆಲಸಗಳು ಯಾವುದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಜಮೀನ್ದಾರನ ಕಣಜಕ್ಕೆ ಬೆಂಕಿ ಇಟ್ಟ, ಆದರೆ ಅದಕ್ಕೆ ಮೊದಲು ಪಕ್ಕದ ಕೊಟ್ಟಿಗೆಯ ದನಗಳ ಹಗ್ಗ ಕಳಚಿದ್ದ. ನಾಯಕನನ್ನು ಕಟ್ಟಿಹಾಕಿದ, ಆದರೆ ಕೈಗೆಟಕುವಲ್ಲಿ ನೀರಿನ ಚೊಂಬು ಇಟ್ಟುಹೋದ. ಇವನಿಗೆ ಬೇಕಾದದ್ದೇನು ಎಂಬುದೇ ನಮ್ಮ ಜಗಳ.

ನಮ್ಮ ಎಂದರೆ ನಾವು ಮೂವರು. ಮೂರನೆಯವನು ಕೋರ್ಟಿನಲ್ಲಿ ನಕಲು ಬರೆಯುವ ಗುಮಾಸ್ತ. ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆಯವನು, ಮೂವತ್ತರ ಆಸುಪಾಸಿನವನು, ಮಾತಿನ ಮಲ್ಲ. ದಿನವೆಲ್ಲ ದಾವೆಗಳ ನಕಲು ತೆಗೆದು ತೆಗೆದು, ಲೋಕದಲ್ಲಿ ಯಾರು ಏನು ಮಾಡಿದರೂ ಅದು ಜಮೀನಿಗಾಗಿಯೇ ಎಂದು ನಂಬಿದ್ದ.

"ಇವ್ನು ಜಮೀನ್ದಾರನ ದಾಯಾದಿ ಕಣ್ರೀ. ಪಾಲು ಕೊಟ್ಟಿಲ್ಲ. ಬೇರೆ ಏನೂ ಇಲ್ಲ," ಎನ್ನುತ್ತಿದ್ದ.

ದರ್ಜಿ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಬೇರೆಯದೇ ನೋಡುತ್ತಿದ್ದ. "ಮೊಣಕೈ ನೋಡಿ ಮೇಷ್ಟ್ರೇ. ಇಲ್ಲಿ ತೇಪೆ ಇದೆ. ಅಂಚನ್ನು ಒಳಕ್ಕೆ ಮಡಚಿ ಹೊಲಿದಿದ್ದಾರೆ. ಒಂಟಿ ಗಂಡಸು ತನ್ನ ಕೋಟಿಗೆ ಇಷ್ಟು ಚೆನ್ನಾಗಿ ತೇಪೆ ಹಾಕಿಕೊಳ್ಳುವುದಿಲ್ಲ. ಇವನಿಗೆ ಮನೆಯಲ್ಲಿ ಯಾರೋ ಇದ್ದಾರೆ. ಅವರಿಗೋಸ್ಕರ ಮಾಡುತ್ತಿದ್ದಾನೆ."

"ಚಿತ್ರ ಬರ್ದೋನ ಇಂಕು ಚೆಲ್ಲಿರ್ಬೇಕು ಕಣಯ್ಯ. ನೀನು ತೇಪೆ ಹಾಕೋನು, ನಿಂಗೆ ಎಲ್ಲೆಲ್ಲೂ ತೇಪೆನೇ ಕಾಣ್ತದೆ."

"ನಿಮಗೆ ಎಲ್ಲೆಲ್ಲೂ ದಾವೆ ಕಾಣುತ್ತದೆ ಕದಾ?"

"ಕದ ಅಂತೆ ಕದ. ಮೊದ್ಲು ಅಂಗಡಿ ಕದ ತಗ್ಯಪ್ಪ, ಗಾಳಿ ಬರ್ಲಿ. ಇಲ್ಲಿಗೆ ಬಂದು ಎಂಟು ವರ್ಷ ಆಯ್ತು, ಇನ್ನೂ ಪುಸ್ತಕದಂಗೆ ಮಾತಾಡ್ತೀಯಲ್ಲ. ಒಂದ್ಸಲ 'ಬುಡು' ಅನ್ನು ನೋಡಾನ. ನಮ್ಮೋನು ಅಂತ ಒಪ್ಕೊಂಬುಡ್ತೀನಿ."

"ಪತ್ರಿಕೆಯಲ್ಲಿ 'ಬಿಡು' ಎಂದೇ ಇದೆ. ಇದ್ದುದನ್ನು ಆಡುತ್ತೇನೆ," ಎಂದು ದರ್ಜಿ ಕತ್ತರಿ ಎತ್ತಿಕೊಂಡ.

ಇದು ವಾರವಾರವೂ ನಡೆಯುತ್ತಿತ್ತು. ನಾನೂ ನಗುತ್ತಿದ್ದೆ. ಕಾಲೇಜಿನಲ್ಲಿ ಮನಶ್ಶಾಸ್ತ್ರದ ಒಂದು ಅಧ್ಯಾಯ ಓದಿದ್ದ ಧೈರ್ಯದಿಂದ, ತಾನು ಯಾಕೆ ಹೀಗೆ ಮಾಡುತ್ತೇನೆಂದು ಮುಸುಕಿನವನಿಗೇ ಗೊತ್ತಿಲ್ಲ ಎಂದು ವಾದಿಸುತ್ತಿದ್ದೆ. ಇಬ್ಬರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ದಿನ ಮಾತ್ರ ಸ್ವಲ್ಪ ಬೇರೆಯಾಯಿತು. ದರ್ಜಿಯ ಹೆಂಡತಿ ಬುತ್ತಿ ತಂದಿದ್ದಳು. ಅವಳ ಎದುರಿಗೇ ಗುಮಾಸ್ತ ಅವನ ಮಾತನ್ನು ಅಣಕಿಸಿದ. ಪಾಪ, ಅವಳಿಗೆ ಕನ್ನಡ ಅಷ್ಟು ಬಾರದು. ಎಲ್ಲರೂ ನಗುತ್ತಿದ್ದಾರೆಂದು ತಾನೂ ನಕ್ಕಳು. ದರ್ಜಿ ನಗಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟು ಅದನ್ನು ನಿಲ್ಲಿಸಿಕೊಂಡು ಕುಳಿತಿದ್ದ. ಆದರೆ ಅದೇ ಸಂಜೆ ಗುಮಾಸ್ತನ ಷರಟಿನ ಗುಂಡಿ ಹೋಗಿರುವುದನ್ನು ಕಂಡು, ಕೇಳದೆಯೇ, ಅವನನ್ನು ನಿಲ್ಲಿಸಿ ಹೊಲಿದುಕೊಟ್ಟ. ಇವೆರಡರಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಮಳೆಗಾಲ ಮುಗಿಯುತ್ತ ಬಂದಿದ್ದಾಗಿನ ಒಂದು ಸಂಚಿಕೆಯಲ್ಲಿ ನಾಯಕನ ತಮ್ಮ ಒಂದು ಬಂಡೆಯಿಂದ ಜಾರಿ, ಬಿರುಕಿನಲ್ಲಿ ಬೆಳೆದ ಬೇರನ್ನು ಹಿಡಿದು ನೇತಾಡುತ್ತಿದ್ದ. ಮೇಲೆ ಮುಸುಕಿನವನು ಬೋರಲು ಮಲಗಿ ಕೈ ಚಾಚಿದ್ದ. ಅವನ ಬಾಯಿಂದ ಹೊರಟ ಗುಳ್ಳೆಯಲ್ಲಿ ಒಂದೇ ಮಾತು: 'ಬಿಡು'. ಕೆಳಗೆ, ಮುಂದಿನ ವಾರಕ್ಕೆ.

"ಇನ್ನೇನು ಬೇಕು? ಬುಡು, ಸಾಯಿ ಅಂತವ್ನೆ," ಎಂದ ಗುಮಾಸ್ತ.

"ಅಲ್ಲ. ಬೇರು ಬಿಡು, ನನ್ನ ಕೈ ಹಿಡಿ ಎನ್ನುತ್ತಿದ್ದಾನೆ. ಸಾಯಲಿ ಎನ್ನುವವನು ಕೈ ಯಾಕೆ ಚಾಚುತ್ತಾನೆ? ಹಿಡಿದುಕೊಳ್ಳುವವನೇ ಬಿಡು ಎನ್ನುವುದು," ಎಂದ ದರ್ಜಿ.

"ಅಂಗೆ ಮಲ್ಗಿ ಒಂದು ಕೈಯಾಗೆ ಒಬ್ಬ ಗಂಡಸ್ನ ಎತ್ತಕ್ಕಾಯ್ತದಾ? ಮೇಷ್ಟ್ರೇ, ನೀವೇ ಹೇಳಿ."

ಇದು ಬಾಯಲ್ಲಿ ತೀರುವ ಜಗಳವಲ್ಲ. ಅದಕ್ಕೇ ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿದೆವು. ಚಿತ್ರದ ಬಂಡೆ ನಮ್ಮ ಬೆಟ್ಟದ ಹಾಗೆಯೇ ಬೋಳಾಗಿತ್ತು. ಅಪಾಯವಿಲ್ಲದ ಜಾಗದಲ್ಲಿ ಒಬ್ಬ ಮಲಗಿ ಕೈ ಚಾಚುವುದು, ಇನ್ನೊಬ್ಬ ಜೋತುಬೀಳುವುದು, ಆಗುತ್ತದೋ ಇಲ್ಲವೋ ನೋಡಿಬಿಡುವುದು ಎಂದು ಲೆಕ್ಕ. ಮೂವರು ದೊಡ್ಡವರು, ಅದರಲ್ಲೊಬ್ಬ ಮೇಷ್ಟ್ರು. ಬರೆಯುವಾಗ ನಾಚಿಕೆಯಾಗುತ್ತದೆ.

ಆ ಜಾಗಕ್ಕೆ ನಾವು ತಲುಪಲೇ ಇಲ್ಲ. ಕೋಟೆಯ ಎರಡನೆಯ ಬಾಗಿಲು ದಾಟಿ, ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳ ಮೇಲೆ ದರ್ಜಿ ಮುಂದೆ, ಗುಮಾಸ್ತ ನಡುವೆ, ನಾನು ಕೊನೆಗೆ ಹೋಗುತ್ತಿದ್ದೆವು. ಗುಮಾಸ್ತ ಮಾತಾಡುತ್ತ, ಮುಸುಕಿನವನು ಎಲ್ಲಿ ನಿಂತಿದ್ದಿರಬಹುದು ಎಂದು ತೋರಿಸಲು ಮೆಟ್ಟಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಅಲ್ಲಿ ಹಾವಸೆ ಇತ್ತು. ಮಾತಿನ ನಡುವೆಯೇ ಅವನು ಕಾಣೆಯಾದ. ನೋಡಿದರೆ ಒಂದು ಮಾರು ಕೆಳಗೆ, ನನ್ನ ಬಲಕ್ಕೆ ತುಸು ಮೇಲಿನ ಇಳಿಜಾರಿನಲ್ಲಿ, ಬಿರುಕಿನಲ್ಲಿ ಬೆಳೆದಿದ್ದ ಒಂದು ಕುರುಚಲು ಗಿಡದ ತುದಿಯನ್ನು ಎರಡೂ ಕೈಗಳಲ್ಲಿ ಹಿಡಿದು ಹೊಟ್ಟೆಯ ಮೇಲೆ ಬಿದ್ದಿದ್ದ. ಗಿಡ ಬಾಗಿತ್ತು. ದರ್ಜಿ ಆಗಲೇ ಬೋರಲು ಮಲಗಿ ಕೈ ಚಾಚಿದ್ದ. ಥೇಟ್ ಚಿತ್ರದಲ್ಲಿದ್ದ ಹಾಗೆ. ಅವನ ಬೆರಳಿಗೂ ಗುಮಾಸ್ತನ ಮುಂಗೈಗೂ ನಡುವೆ ಒಂದು ಗೇಣು.

ಆಗ ದರ್ಜಿ ಕೂಗಿದ. ಎರಡು ಸಲ ಕೂಗಿದ. ಗಾಳಿ ಜೋರಾಗಿತ್ತು. ಗುಮಾಸ್ತ ತಲೆ ಎತ್ತಿ ಅವನ ಮುಖ ನೋಡಿದ, ಗಿಡವನ್ನು ಬಿಟ್ಟ.

ಅವನ ಹಿಮ್ಮಡಿ ನನ್ನ ಮೊಣಕಾಲಿಗೆ ಬಡಿಯಿತು. ನಾನು ಕುಸಿದು ಮೆಟ್ಟಿಲಿನ ಅಂಚನ್ನು ಹಿಡಿದೆ. ನನ್ನ ಒಂದು ಕಾಲು ಗಾಳಿಯಲ್ಲಿತ್ತು. ಬಟ್ಟೆ ಬಂಡೆಗೆ ಉಜ್ಜುವ ಸದ್ದು ಕೆಳಕ್ಕೆ ಹೋಯಿತು. ಅದೃಷ್ಟಕ್ಕೆ ಕೆಳಗೆ ಮಳೆನೀರು ನಿಲ್ಲುವ ಒಂದು ಗುಂಡಿಯಿತ್ತು. ಗುಮಾಸ್ತ ಜಾರುತ್ತ ಹೋಗಿ ಅದರಲ್ಲಿ ಸಿಕ್ಕಿಕೊಂಡ. ಬಲಗಾಲು ಮುರಿದಿತ್ತು. ಕುರಿ ಕಾಯುತ್ತಿದ್ದ ಇಬ್ಬರು ಅವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಅವರ ಹಿಂದೆ ನಾನು ಕುಳಿತುಕೊಂಡೇ, ಒಂದೊಂದು ಮೆಟ್ಟಿಲು ಜಾರಿ ಜಾರಿ ಇಳಿದೆ.

ಆಸ್ಪತ್ರೆಯ ಮಂಚದ ಮೇಲೆ ಗುಮಾಸ್ತ ಹೇಳಿದ್ದು ಹೀಗೆ: "ಬುಡು ಅಂದ, ಬುಟ್ಟೆ. ಅವ್ನೇ ಹೇಳ್ತಿದ್ನಲ್ಲ ಮೇಷ್ಟ್ರೇ, ಹಿಡ್ಕಳೋನೇ ಬುಡು ಅನ್ನಾದು ಅಂತ. ಹಿಡ್ಕತಾನೆ ಅಂದ್ಕಂಡೆ." ಕಟ್ಟು ಹಾಕಿದ ಕಾಲಿನ ಕಡೆ ಕೈ ತೋರಿಸಿದ. "ಹಿಡೀನಿಲ್ಲ."

ಅಂಗಡಿಯಲ್ಲಿ ಯಾವ ಅರ್ಥವನ್ನು ಗೇಲಿ ಮಾಡಿದ್ದನೋ, ಜೀವ ಹೋಗುವಾಗ ಅದನ್ನೇ ನಂಬಿದ್ದ.

ಕೊಳಾಲದಿಂದ ಅವನ ಅಣ್ಣ ಬಂದು ಠಾಣೆಯಲ್ಲಿ ದೂರು ಕೊಟ್ಟ: ಹಗೆಯಿಂದ, ಬಿಡು ಎಂದು ಹೇಳಿ, ಬೀಳಿಸಿದ್ದಾನೆ ಎಂದು. ಎರಡೇ ದಿನದಲ್ಲಿ ಜನ ಅಂಗಡಿಗೆ ಬಂದು ಕತ್ತರಿಸದೆ ಇಟ್ಟಿದ್ದ ತಮ್ಮ ಬಟ್ಟೆಗಳನ್ನು ಹಿಂದಕ್ಕೆ ತೆಗೆದುಕೊಂಡು ಹೋಗತೊಡಗಿದರು. ಯಾರೂ ಬೈಯಲಿಲ್ಲ. ಅರ್ಜೆಂಟಿಲ್ಲ, ಆಮೇಲೆ ಹೊಲಿಸುತ್ತೇವೆ ಎಂದರು. ಕಟ್ಟಡದ ಯಜಮಾನ ಮಾತ್ರ, ಕೇಸು ಆದರೆ ಜಾಗ ಖಾಲಿ ಮಾಡಬೇಕಾಗುತ್ತದೆ ಎಂದು ನೇರವಾಗಿ ಹೇಳಿದ. ಎಂಟು ವರ್ಷ ಕೂತ ಜಾಗ. ನೋಡಿದವನು ನಾನೊಬ್ಬನೇ. ನಾನು ಹೇಳುವುದರ ಮೇಲೆ ಅವನು ಈ ಊರಿನಲ್ಲಿ ಇರುವುದೋ ಹೋಗುವುದೋ ನಿಂತಿತ್ತು.

ಠಾಣೆಗೆ ಹೋಗುವ ಮೊದಲು ಅಂಗಡಿಗೆ ಹೋದೆ. ಖಾಲಿ ಹಲಗೆಗಳ ಕೆಳಗೆ ಅವನು ಕುಳಿತಿದ್ದ.

"ನಾನು ಬುಡ ಎಂದೆ ಮೇಷ್ಟ್ರೇ," ಎಂದ. "ಗಿಡದ ಬುಡ. ತುದಿ ಹಿಡಿದಿದ್ದರು, ಮುರಿಯುತ್ತಿತ್ತು. ಬುಡ ಹಿಡಿಯಿರಿ ಎನ್ನಬೇಕು. ಅಷ್ಟು ಬಾಯಿಗೆ ಬರಲಿಲ್ಲ. ಬುಡ, ಬುಡ ಎಂದೆ." ಚಾಚಿದ ಕೈಯನ್ನು ತೋರಿಸಿದ. "ಬುಡ ತೋರಿಸುತ್ತಿದ್ದೆ, ಇದೋ, ಹೀಗೆ."

ಗಿಡದ ಬುಡ ತೋರಿಸುವ ಕೈಯೂ ಹಿಡಿದುಕೊಳ್ಳಲು ಚಾಚುವ ಕೈಯೂ ಒಂದೇ ಥರ ಇರುತ್ತವೆ. ಹಿಡಿಯುತ್ತೇನೆಂಬ ನಾಟಕ ಮಾಡುವ ಕೈಯೂ.

ಠಾಣೆಯಲ್ಲಿ ಮುಖ್ಯ ಪೇದೆ ಒಳ್ಳೆಯ ಮನುಷ್ಯ. ಶಿರಾ ಕಡೆಯವನು. ಬರೆಯಲು ಕುಳಿತು ತಾನೇ ಆರಂಭಿಸಿದ: "ಬುಡು ಅಂದ್ನಂತೆ." ಕಾಗದದ ಮೇಲೆ 'ಬಿಡು ಎಂದು ಹೇಳಿದನು' ಎಂದು ಬರೆದ.

"ಅವನು ಬಿಡು ಅನ್ನಲಿಲ್ಲ," ಎಂದೆ.

"ಬುಡು ಅಂದ್ರೂ ಬರ್ಯಾದು ಬಿಡು ಅಂತ್ಲೇ ಕಣ್ರೀ ಮೇಷ್ಟ್ರೇ. ಕಾಗ್ದದಾಗೆ ಬುಡು ಅಂತ ಯಾರು ಬರೀತಾರೆ?"

"ಅದಲ್ಲ. ಬುಡ ಅಂದಿರಬಹುದು. ಗಿಡದ ಬುಡ."

ಅವನು ಲೇಖನಿ ಕೆಳಗಿಟ್ಟ. ನಗು ಬಂತೇನೋ, ನುಂಗಿಕೊಂಡ. ಹಿತ್ತಲಲ್ಲಿದ್ದ ಇನ್ನೊಬ್ಬ ಪೇದೆಯನ್ನು ಕರೆದ. "ಲೇ, ಆ ಬೇವಿನ ಮರದ ತಾವ ನಿಂತ್ಕಂಡು ಒಂದ್ಸಲ ಬುಡ ಅಂತ ಕೂಗ್ಲಾ, ಇನ್ನೊಂದ್ಸಲ ಬುಡು ಅಂತ ಕೂಗು. ಯಾವ್ದು ಮೊದ್ಲು ಅಂತ ಹೇಳ್ಬ್ಯಾಡ. ಮೇಷ್ಟ್ರೇ, ಕಣ್ಮುಚ್ಕಳಿ."

ಕಣ್ಣು ಮುಚ್ಚಿಕೊಂಡೆ. ಪೇದೆ ಎರಡು ಸಲ ಕೂಗಿದ. ಎರಡು ಸಲವೂ ನನಗೆ ಕೇಳಿಸಿದ್ದು 'ಬುಡ್'. ಅದರ ಹಿಂದೆಯೇ ಬಂಡೆಗೆ ಬಟ್ಟೆ ಉಜ್ಜುವ ಸದ್ದು. ಕಣ್ಣು ತೆರೆದಾಗ ಮೇಜಿನ ಕಾಲನ್ನು ಹಿಡಿದುಕೊಂಡಿದ್ದೆ.

"ಯಾವ್ದು ಮೊದ್ಲು?" ಎಂದ ಮುಖ್ಯ ಪೇದೆ.

ನನಗೆ ಗೊತ್ತಾಗಿರಲಿಲ್ಲ. ಆದರೆ ಇಷ್ಟು ಗೊತ್ತಿತ್ತು: ಎರಡು ವರ್ಷದಲ್ಲಿ ಒಮ್ಮೆಯೂ ದರ್ಜಿಯ ಬಾಯಲ್ಲಿ ನಾನು 'ಬುಡು' ಕೇಳಿರಲಿಲ್ಲ. ಅಣಕಿಸಿದಾಗಲೂ ಅಂದಿರಲಿಲ್ಲ. ಕೈಬಿಡು ಎನ್ನಬೇಕಿದ್ದರೆ ಅವನು 'ಬಿಡಿ' ಎನ್ನುತ್ತಿದ್ದ, ಇಲ್ಲವೇ 'ಬಿಡು'. ನಾನು ಕೇಳಿದ ಮೊದಲ ಅಕ್ಷರ 'ಬು'. ಹಾಗಾದರೆ ಅದು ಬುಡವೇ ಆಗಿರಬೇಕು. ಮನಶ್ಶಾಸ್ತ್ರದ ಅಧ್ಯಾಯಕ್ಕಿಂತ ಇದು ಗಟ್ಟಿ ಎನ್ನಿಸಿತು. 'ಗಿಡದ ಬುಡವನ್ನು ಹಿಡಿಯುವಂತೆ ಕೂಗಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ' ಎಂದು ಬರೆಸಿ ಸಹಿ ಮಾಡಿದೆ. ಕಿವಿಯಾರೆ ಎಂಬುದು ನಾನೇ ಸೇರಿಸಿದ ಮಾತು.

ದೂರು ಅಲ್ಲಿಗೇ ನಿಂತಿತು. ಬಟ್ಟೆಗಳು ಒಂದೊಂದಾಗಿ ಹಲಗೆಗೆ ಹಿಂತಿರುಗಿದವು. ಗುಮಾಸ್ತ ಕೋಲು ಹಿಡಿದು ಕೋರ್ಟಿಗೆ ಹೋಗತೊಡಗಿದ. ದಾರಿಯಲ್ಲಿ ಸಿಕ್ಕರೆ ನನ್ನನ್ನು ಮಾತಾಡಿಸುತ್ತಿದ್ದ, ಅಂಗಡಿಗೆ ಮಾತ್ರ ಬರುತ್ತಿರಲಿಲ್ಲ. ಚಿತ್ರಕಥೆಯ ಮುಂದಿನ ಕಂತಿನಲ್ಲಿ ಮುಸುಕಿನವನು ಬಂಡೆಯ ಮೇಲೆ ಒಬ್ಬನೇ ನಿಂತಿದ್ದ. ತಮ್ಮ ಏನಾದ ಎಂಬುದನ್ನು ತೋರಿಸಿರಲಿಲ್ಲ. ಕಥೆ ಬೇರೆ ಊರಿಗೆ ಹೋಯಿತು.

ಸುಮಾರು ಒಂದು ತಿಂಗಳಾದ ಮೇಲೆ, ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ, ತಡೆಯಲಾರದೆ ಹೇಳಿದೆ: "ನಿಜ ಹೇಳಬೇಕೆಂದರೆ ನನಗೆ ಅಂದು ಸರಿಯಾಗಿ ಕೇಳಿಸಿರಲಿಲ್ಲ. ನೀವು ಯಾವಾಗಲೂ ಬಿಡು ಎನ್ನುವವರು ಎಂಬ ಒಂದೇ ಧೈರ್ಯದ ಮೇಲೆ ಸಹಿ ಮಾಡಿದೆ."

ಅವನು ಯಾರದೋ ಕೋಟಿನ ಮೊಣಕೈಗೆ ತೇಪೆ ಹಾಕುತ್ತಿದ್ದ. ದಾರವನ್ನು ಹಲ್ಲಿನಿಂದ ಕಡಿದ. ನನ್ನ ಮುಖ ನೋಡಿದ. ಆ ನೋಟದಲ್ಲಿ ಕೃತಜ್ಞತೆ ಇತ್ತೋ, ಸುಸ್ತು ಇತ್ತೋ, ಇನ್ನೇನಿತ್ತೋ.

"ಹೋಗ್ಲಿ ಬುಡಿ ಮೇಷ್ಟ್ರೇ," ಎಂದ.

ಇಷ್ಟು ಸಲೀಸಾಗಿ ಎಂದನೆಂದರೆ, ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತಿನ ಹಾಗಿತ್ತು. ಈ ಒಂದು ತಿಂಗಳಲ್ಲಿ, ಈ ಊರಿನವನಾಗಿಬಿಡಬೇಕೆಂದು, ಹಟ ಹಿಡಿದು ಕಲಿತದ್ದೋ? ಇಲ್ಲ, ಮೊದಲಿನಿಂದಲೂ ನಾಲಿಗೆಯ ಮೇಲೆ ಇದ್ದು, ನಮ್ಮೆದುರಿಗೆ ಮಾತ್ರ ಅಚ್ಚಿನ ಮಾತು ಆಡುತ್ತಿದ್ದನೋ? ಕೇಳಲು ಬಾಯಿ ತೆರೆದೆ. ಅವನು ಆಗಲೇ ಕೋಟನ್ನು ತಿರುಗಿಸಿ, ಇನ್ನೊಂದು ಮೊಣಕೈಯ ಅಂಚನ್ನು ಒಳಕ್ಕೆ ಮಡಚುತ್ತಿದ್ದ. ನಾನು ಕುಳಿತಿದ್ದ ಬೆಂಚಿನ ಅಂಚನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡೆ.