ಮಂತ್ರವಾದಿಯ ಗುಟ್ಟು ಹಿಡಿದವಳು ನಾನು

ನಾವು ಮರಾಠಿ ಸೀಮೆಯ ಭೋಸರಿಯಲ್ಲಿ, ಸಾಲುಮನೆಗಳ ಚಾಳಿನಲ್ಲಿದ್ದ ಆ ದಿನಗಳಲ್ಲಿ ದೀಪಾವಳಿ ಸೂಟಿ ಅಂದರೆ ಮಣ್ಣಿನ ಕಿಲ್ಲೆ. ಕಲ್ಲು, ಗೋಣಿಚೀಲ, ಕೆಮ್ಮಣ್ಣು ಸೇರಿಸಿ ಬಾಗಿಲ ಮುಂದೆ ಕೋಟೆ ಕಟ್ಟಿ, ಸಾಸಿವೆ ಬಿತ್ತಿ ಹಸಿರು ಬರಿಸಿ, ಮಣ್ಣಿನ ಸಿಪಾಯಿಗಳನ್ನು ನಿಲ್ಲಿಸುತ್ತಿದ್ದೆವು. ಹಸಿಮಣ್ಣಿನ ವಾಸನೆಯೊಳಗೆ ಚಕ್ಕುಲಿ ಕರಿಯುವ ವಾಸನೆ ಬೆರೆಯುತ್ತಿತ್ತು. ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ, ಕಾರ್ಖಾನೆಯ ಆಫೀಸಿನವರು ಬೇಡವೆಂದ ಹಳೇ ಕಂಪ್ಯೂಟರನ್ನು ಅಪ್ಪ ಸೈಕಲ್ಲಿಗೆ ಕಟ್ಟಿಕೊಂಡು ತಂದರು. ಅವ್ವ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದಳು. ಅಣ್ಣ ಬಸು ಅದರಲ್ಲೊಂದು ಲಡಾಯಿ ಆಟ ಹಾಕಿಸಿಕೊಂಡ.

ಚೌಕಚೌಕದ ಬಯಲು. ಈಚೆ ನಮ್ಮ ದಂಡು, ಆಚೆ ಕಂಪ್ಯೂಟರಿನ ದಂಡು. ಒಮ್ಮೆ ನಮ್ಮ ಸರದಿ, ಒಮ್ಮೆ ಅದರದು. ಅದರ ಕಡೆ ಗಡ್ಡದ ಮಂತ್ರವಾದಿಯೊಬ್ಬನಿದ್ದ. ಕೊನೆಯ ಲಡಾಯಿಯಲ್ಲಿ ಅವನು ಒಮ್ಮೆ ಬೆಂಕಿ ಸುರಿಸಿ, ಒಮ್ಮೆ ಸಿಡಿಲು ಬಿಟ್ಟು, ಒಮ್ಮೆ ತನ್ನವರ ಗಾಯ ಮಾಯಿಸಿ ಬಸುವನ್ನು ದಿನಾ ಸೋಲಿಸುತ್ತಿದ್ದ. ಮೌಸ್ ಮುಟ್ಟಲು ನನಗೆ ಅಪ್ಪಣೆ ಇರಲಿಲ್ಲ. ಹಿಂದೆ ನಿಂತು ನೋಡಬಹುದಿತ್ತು.

“ಅಂವಾ ಯಾವಾಗ ಏನ್ ಬಿಡ್ತಾನ ತಿಳಿಯೋದ ಇಲ್ಲ,” ಅಂದ ಬಸು. “ನೀ ಕಂಡಹಿಡಿ ನೋಡೋಣು. ಹಿಡದ್ಯಂದ್ರ ಭಾವುಬೀಜಕ್ಕ ಅದ ನಿನ್ನ ಓವಾಳಣಿ. ಕಡೀ ಲಡಾಯಿ ನೀನ ಆಡು.”

ಭಾವುಬೀಜದ ದಿನ ತಂಗಿ ಆರತಿ ಬೆಳಗಿದಾಗ ಅಣ್ಣ ತಟ್ಟೆಗೆ ಹಾಕುವ ಉಡುಗೊರೆಯೇ ಓವಾಳಣಿ. ದೀಪದ ಹೆಸರಲ್ಲಿ ಕೊಟ್ಟ ಮಾತು ಸುಳ್ಳಾಗುವುದಿಲ್ಲ ಎಂದು ನಂಬಿದ್ದೆ.

ನಾಲ್ಕು ದಿನ ನೋಡಿದೆ. ಮಂತ್ರವಾದಿ ಮಾಡಿದ್ದನ್ನು ಹೊರಗೆ ಬಂದು ಕಿಲ್ಲೆಯ ಸಿಪಾಯಿಗಳಿಂದ ಮತ್ತೆ ಹೂಡಿದೆ. ಮೂವರು ಗುಂಪಾಗಿ ನಿಂತರೆ ಬೆಂಕಿ. ಇನ್ನೇನು ಸಾಯುವವನೊಬ್ಬ ಸಿಕ್ಕರೆ ಗುಂಪು ಬಿಟ್ಟು ಅವನ ಮೇಲೇ ಸಿಡಿಲು. ತನ್ನ ಸರದಾರನ ಜೀವ ಅರ್ಧಕ್ಕಿಳಿದರೆ ಎಲ್ಲ ಬಿಟ್ಟು ಗಾಯ ಮಾಯಿಸುವುದು. ಯಾವ ಮಂತ್ರದಿಂದ ಈಗ ಎಷ್ಟು ಲಾಭ ಎಂದು ಒಂದೊಂದಕ್ಕೂ ಅಂಕ ಹಾಕಿ, ಹೆಚ್ಚು ಅಂಕದ್ದನ್ನು ಆರಿಸುತ್ತಿದ್ದ, ಅಷ್ಟೆ. ಮುಂದಿನ ಸರದಿಯ ವಿಚಾರವೇ ಅವನಿಗಿರಲಿಲ್ಲ. ಹಾಗಾದರೆ ಗಾಯಗೊಂಡವರನ್ನು ಒಬ್ಬೊಬ್ಬರಾಗಿ ಮುಂದೆ ಬಿಡಬೇಕು. ಅವನ ಮಂತ್ರಶಕ್ತಿ ಅವರ ಮೇಲೇ ತೀರಿದಾಗ ಕುದುರೆಗಳನ್ನು ನುಗ್ಗಿಸಬೇಕು. ಇದನ್ನೆಲ್ಲ ಬಸುವಿಗೆ ಸಿಪಾಯಿಗಳನ್ನು ಸರಿಸಿ ಸರಿಸಿ ತೋರಿಸಿದೆ. ಅವನು ಕುಕ್ಕರಗಾಲಲ್ಲಿ ಕೂತು ಎರಡೆರಡು ಸಲ ಕೇಳಿಸಿಕೊಂಡ.

ಭಾವುಬೀಜದ ಮುಂಜಾನೆ ಅವ್ವ ನನ್ನನ್ನು ಕರಚಿಕಾಯಿ ತುಂಬಲು ಕೂರಿಸಿದಳು. ಹೊರಕೋಣೆಗೆ ಬಸುವಿನ ಗೆಳೆಯರು ಬಂದಿದ್ದರು. ಸ್ವಲ್ಪ ಹೊತ್ತಿಗೆ ಕೇಕೆ ಎದ್ದಿತು. ಹೂರಣದ ಕೈಯಲ್ಲೇ ಓಡಿದೆ. ಪರದೆಯ ಮೇಲೆ ಮಂತ್ರವಾದಿ ಬಿದ್ದಿದ್ದ.

“ಹೆಂಗ ಗೊತ್ತಾತೊ ನಿನಗ?” ಅಂತ ಗೆಳೆಯನೊಬ್ಬ ಕೇಳಿದ.

“ಡೋಕಿ, ತಲಿ ಬೇಕಲೇ ಅದಕ್ಕ,” ಅಂದ ಬಸು, ನನ್ನ ಕಡೆ ನೋಡದೆ.

“ನಾ ಆಡೋದಿತ್ತಲ್ಲೊ ಅಣ್ಣಾ.”

“ಗೆದ್ದಾತಲ್ಲ. ಇನ್ನೇನ್ ಆಡ್ತಿ?”

ಅವ್ವನಿಗೆ ಹೇಳಿದೆ. “ಒಂದ ಆಟಾನ ಅಲ್ಲೇನ, ಬಿಡ. ಹಬ್ಬದಾಗ ಮಾರಿ ಸಣ್ಣ ಮಾಡಬ್ಯಾಡ. ಆರತಿ ತಟ್ಟಿ ತಾ,” ಅಂದಳು.

ಬೆಳಗಿದೆ. ತಟ್ಟೆಗೆ ಎರಡು ಕೂದಲ ಕ್ಲಿಪ್ಪು ಬಿದ್ದವು. ನಾನು ತಲೆ ಎತ್ತದೆ ಬೆಳಗಿದ್ದನ್ನು ಅಪ್ಪ ಭಕ್ತಿ ಅಂದುಕೊಂಡರು.

ಹೋದ ಭಾನುವಾರ ಬಸು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ನನ್ನ ಮಗಳು ಮೊಬೈಲಿನಲ್ಲಿ ಅಂಥದೇ ಆಟ ಆಡುತ್ತಿದ್ದಳು. “ಸಣ್ಣಾಂವ ಇದ್ದಾಗ ಮಂತ್ರವಾದಿ ಗುಟ್ಟ ನಾನ ಹಿಡದಿದ್ದೆ,” ಅಂದ ಅವಳಿಗೆ.

“ಹಂಗಾರ ಹೇಳ್ರಿ ಮಾಮಾ, ಇದರಾಗಿನ ಮಂತ್ರವಾದಿ ಗುಂಪು ಬಿಟ್ಟು ಒಬ್ಬನ್ನ ಯಾಕ ಹೊಡೀತಾನ?”

ಬಸು ಇನ್ನೊಂದು ರೊಟ್ಟಿ ಮುರಿದ. ನಾನೇ ಹೇಳಿದೆ: “ಸಾಯೋದು ಖಾತ್ರಿ ಇದ್ದಾಂವಗ ಅಂಕ ಹೆಚ್ಚ ಹಾಕ್ತಾನ.”

“ಅಬಬಬಾ, ನಿನಗ ಇದೆಲ್ಲಾ ಯಾರ ಹೇಳಿದ್ರವ್ವಾ?” ಅಂತ ನಕ್ಕ.

“ಯಾರೂ ಹೇಳಿಲ್ಲ. ನಾನ ನಿನಗ ಹೇಳಿದ್ದು.”

“ಇದ್ದೀತ ಬಿಡ. ಸಾರ ಹಾಕು.”

ಹಾಕಿದೆ. ಅವನು ಸುಳ್ಳಾಡುತ್ತಿರಲಿಲ್ಲ, ನಿಜಕ್ಕೂ ಮರೆತಿದ್ದ. ಸುಳ್ಳಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ದಿನಾ ದೀಪ ಹಚ್ಚಿ ದೇವರಿಗೆ ಎಣಿಸಿ ಹೇಳುತ್ತೇನೆ: ನಲ್ಲಿಗೆ ನೀರು ಬಂತು, ಹಾಲು ಒಡೆಯಲಿಲ್ಲ, ಮನೆಯವರು ಹೊತ್ತಿಗೆ ಸರಿಯಾಗಿ ಬಂದರು. ಎಲ್ಲ ಅವನ ಕೃಪೆಯೇ. ಆದರೆ ಆ ಹಬ್ಬದ ನಂತರ ನಾನು ಯಾವುದನ್ನೂ ‘ಇದು ಯಾಕೆ ಹೀಗೆ’ ಎಂದು ನಾಲ್ಕು ದಿನ ಕೂತು ನೋಡಿದ್ದಿಲ್ಲ. ಗಣಿತದಲ್ಲಿ ಪಾಸಾದರೆ ಸಾಕೆಂದೆ. ಹತ್ತನೆಯದು ಮುಗಿದರೆ ಸಾಕೆಂದೆ. ಸಾಕು ಅನ್ನುವುದನ್ನು ಅಷ್ಟು ಬೇಗ ಕಲಿತೆ. ಬಸುವಿಗೆ ಒಳ್ಳೆಯದಾಗಲಿ ಎಂದು ಇಂದಿಗೂ ಬೇಡುತ್ತೇನೆ. ಹಲ್ಲು ಕಚ್ಚಿಕೊಂಡೇ ಬೇಡುತ್ತೇನೆ.