ಆಯಿ ಬೀಸಿದ ಲಟ್ಟಣಿಗೆ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಚಂದ್ರಮತಿ, ಹೋದ ವರ್ಷ ಲಟ್ಟಣಿಗೆಯಿಂದ ಹೊಡೆದು ಅಪ್ಪನ ಕೈ ಮುರಿದಳು. ಮುದುಕಿಗೆ ತಲೆ ಕೆಟ್ಟಿತ್ತು ಅಂತ ನಮ್ಮೂರು ಅಂಕಲಿಯ ಜನ ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ಮೊಮ್ಮಗಳು ನಾನು, ತೃಪ್ತಿ, ಅಲ್ಲೇ ಇದ್ದೆ. ಅವತ್ತು ಆ ಮನೆಯಲ್ಲಿ ನೆಟ್ಟಗಿದ್ದದ್ದು ಅವಳ ತಲೆಯೊಂದೇ.

ನಾವು ಜೈನರು, ಆಯಿ ಧರ್ಮ ಬಿಟ್ಟವಳಲ್ಲ. ಐವತ್ತು ವರ್ಷದಿಂದ ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟಿದವಳಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ನಮ್ಮ ಪಾಳಿಯಲ್ಲಿ ಕಬ್ಬಿಗೆ ಬಿಟ್ಟ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡವನನ್ನು ಒಮ್ಮೆ ಕೊರಳಪಟ್ಟಿ ಹಿಡಿದು ಕೆಸರಿಗೆ ಕೆಡವಿದ್ದಳು.

ಅಜ್ಜ ರಾವಸಾಹೇಬರ ಎರಡೂ ಕಿಡ್ನಿ ಹೋಗಿದ್ದವು. ಎರಡು ವರ್ಷ, ವಾರಕ್ಕೆ ಮೂರು ಸಲ, ಚಿಕ್ಕೋಡಿಗೆ ಡಯಾಲಿಸಿಸ್‌ಗೆ ಹೋದರು. ಆಮೇಲೆ ಹೃದಯವೂ ಸೋತಿತು. ಮಷೀನಿಗೆ ಹಚ್ಚಿದಾಗಲೆಲ್ಲ ಬಿ.ಪಿ. ಕುಸಿದು ಎಚ್ಚರ ತಪ್ಪುತ್ತಿತ್ತು. ಅಜ್ಜನೇ ಇನ್ನು ಸಾಕು ಅಂದರು. ಡಾಕ್ಟರೂ ಒಪ್ಪಿ, ಮಷೀನು ನಿಂತರೂ ಆರೈಕೆ ನಿಲ್ಲಬಾರದು ಅಂತ ನರ್ಸ್ ಕುಸುಮ ಅವರನ್ನು ಮನೆಗೆ ಕಳಿಸಿದರು. ಅವರು ಅಜ್ಜನ ಎದೆಗೆ ನೋವು ತಡೆಯುವ ಔಷಧದ ಪಟ್ಟಿ ಅಂಟಿಸಿ, ಕೇಳಿದಾಗ ಗುಟುಕು ನೀರು ಕೊಡಿ ಅಂದರು. ಅಜ್ಜನಿಗೆ ಉಳಿದಿದ್ದ ಆಸೆ ಒಂದೇ, ನರಳದೆ ಹೋಗುವುದು.

ಊರು ಸುಮ್ಮನಿರಬೇಕಲ್ಲ? ಮಗ ಬೇಸತ್ತು ಆಸ್ಪತ್ರೆ ಬಿಡಿಸಿದ ಅಂತ ಮಾತು ಹಬ್ಬಿತು. ನಮ್ಮಪ್ಪ ಸಂದೇಶನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಪ್ಪಾಜಿ ಸಲ್ಲೇಖನ ವ್ರತ ಹಿಡಿದಿದ್ದಾರೆ, ಅನ್ನ ನೀರು ಬಿಟ್ಟು ದೇಹ ಬಿಡುತ್ತಾರೆ ಎಂದು ಬಸದಿಯಲ್ಲಿ ಹೇಳಿಬಿಟ್ಟ. ವ್ರತ ಕೊಡಬೇಕಾದ ಗುರುಗಳನ್ನು ಕೇಳಲಿಲ್ಲ, ಅಜ್ಜನನ್ನೂ ಕೇಳಲಿಲ್ಲ. ಮನೆ ಮುಂದೆ ಫ್ಲೆಕ್ಸ್ ಎದ್ದಿತು, ಪಡಸಾಲೆ ತುಂಬ ಜನ. ನೀರು, ಔಷಧ ನಡೆದೇ ಇದ್ದುದರಿಂದ ಆಯಿ ಅದನ್ನು ಬರಿ ಬಾಯಿಮಾತು ಅಂತ ಬಿಟ್ಟಿದ್ದಳು. ವ್ರತಸ್ಥನಿಗೆ ಅಮಲಿನ ಔಷಧ ಸಲ್ಲದು ಎಂದು ಯಾರೋ ಅಂದರು. ಆಯಿ ಎಮ್ಮೆ ಹಿಂಡಲು ಹೋದಾಗ ಅಪ್ಪ ಆ ಪಟ್ಟಿಯನ್ನು ಚರ್ಮ ಸಮೇತ ಕಿತ್ತು, ಮೇಲೆ ಶಾಲು ಹೊದಿಸಿದ. ನಾನು ನೋಡಿದೆ. ಹೆದರಿ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜ ಚೀರತೊಡಗಿದರು. ಗೋಡೆಗೆ ತಲೆ ಚಚ್ಚಿಕೊಂಡರು, ಮೈ ಕೆರೆದು ರಕ್ತ ಬರಿಸಿಕೊಂಡರು. ಜನ ಇನ್ನೂ ಜೋರಾಗಿ ಮಂತ್ರ ಹೇಳಿದರು.

"ನೀರ... ನೀರ ಕೊಡ್ರಿ."

"ವ್ರತ ಮುರಿಬ್ಯಾಡ್ರಿ ಅಪ್ಪಾಜಿ." ಅಪ್ಪ ಅವರ ಎರಡೂ ಕೈ ಅದುಮಿ ಹಿಡಿದ.

"ಯಾವ ವ್ರತಲೇ? ಮಷೀನ್ ಬ್ಯಾಡ ಅಂದೇನಿ. ನೀರ ಬ್ಯಾಡ ಅಂದೇನೇನ?"

ಚಪಾತಿ ಲಟ್ಟಿಸುತ್ತಿದ್ದ ಆಯಿ ಓಡಿ ಬಂದಳು. ನಾನು ಪಟ್ಟಿಯ ವಿಷಯ ಒದರಿಬಿಟ್ಟೆ. ಅವಳು ಶಾಲು ಸರಿಸಿ ಹಸಿ ಗಾಯ ನೋಡಿದಳು.

"ಅವರ ಕೈ ಬಿಡಲೇ, ಸಂದ್ಯಾ."

ಅಪ್ಪ ಬಿಡಲಿಲ್ಲ. ಲಟ್ಟಣಿಗೆ ಬೀಸಿದಳು. ಮುಂಗೈ ಎಲುಬು ಲಟಕ್ಕನೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಎರಡನೆಯ ಏಟು ಭುಜಕ್ಕೆ. ಮೂರನೆಯದು, ತಡೆಯಲು ಬಂದ ಪಕ್ಕದ ಮನೆಯ ಮುರಗೆಪ್ಪನ ಬೆನ್ನಿಗೆ.

"ಸಂಕಟ ನೋಡಾಕ ಬಂದೀರೇನ? ಏಳ್ರಿ, ಹೊರಗ ನಡೀರಿ!"

ಪಡಸಾಲೆ ಖಾಲಿಯಾಯಿತು. ಕುಸುಮ ಬಂದು ಇಂಜೆಕ್ಷನ್ ಕೊಟ್ಟು ಹೊಸ ಪಟ್ಟಿ ಹಚ್ಚಿದರು. ಆಯಿ ಚಮಚದಿಂದ ನೀರು ಹಾಕುತ್ತ ಕೂತಳು. ಮೂರನೆಯ ದಿನ ಮಧ್ಯಾಹ್ನ ಅಜ್ಜ ಅವಳ ತೊಡೆಯ ಮೇಲೆ ನಿದ್ದೆಯಲ್ಲೇ ಹೋದರು.

ಸಲ್ಲೇಖನದಲ್ಲಿ ತೀರಿಕೊಂಡವರನ್ನು ಕೂಡಿಸಿ ಒಯ್ಯುವುದು ನಮ್ಮ ವಾಡಿಕೆ. ಹಿರಿಯರು ಹಟ ಬಿಡದೆ ಪಲ್ಲಕ್ಕಿ ತಂದು, ಅಜ್ಜನ ಕಾಲು ಮಡಚಲು ಹೋದರು. ಆಯಿ ಅಡ್ಡ ಬಿದ್ದಳು.

"ಮಲಗಿಸೇ ಒಯ್ರಿ. ಈಗರ ನಿದ್ದಿ ಹತ್ತೇತಿ ಅವರಿಗೆ."

ಹಿರಿಯರು ಅಪ್ಪನ ಮುಖ ನೋಡಿದರು. ಅಪ್ಪ ಗೋಡೆಗೊರಗಿ ನಿಂತಿದ್ದ.

"ಅವರು ವ್ರತ ಹಿಡಿದಿದ್ದಿಲ್ರಿ," ಅಂದ. "ನೀರ ಕೇಳಿದ್ರು. ನಾ ಕೊಡಲಿಲ್ಲ."