ಆನೆ ಗ್ರೂಪಿನ ಸುಲೋಚನಮ್ಮ

ಶೆಟ್ಟಿಕೊಪ್ಪದ ಹತ್ತಿರ ಹಾಲಿನ ಡೇರಿಯೊಂದರ ಕಾರ್ಯದರ್ಶಿಯಾಗಿರುವ ಸುಲೋಚನಮ್ಮನವರನ್ನು ಈಗ ಡೇರಿ ಸುಲೋಚನಮ್ಮ ಎಂದು ಯಾರೂ ಕರೆಯುವುದಿಲ್ಲ. ಆನೆ ಸುಲೋಚನಮ್ಮ ಎಂದೇ ಹೆಸರು. ಆಳು ನೋಡಿದರೆ ಗಾಳಿಗೆ ಹಾರಿಹೋಗುವಷ್ಟು ಸಪೂರ. ಹಾಲಿಗೆ ನೀರು ಬೆರೆಸಿ ತಂದು ಹಸುವಿನ ಮೇಲೆ ತಪ್ಪು ಹೊರಿಸುವ ಜನರನ್ನು ಇಪ್ಪತ್ತೆರಡು ವರ್ಷ ಸುಧಾರಿಸಿದ ಹೆಂಗಸು ಕೊನೆಗೆ ಸೋತದ್ದು ತಾವೇ ಕಟ್ಟಿದ ಒಂದು ವಾಟ್ಸಾಪ್ ಗ್ರೂಪಿನ ಮುಂದೆ.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಡೇರಿಗೆ ಬರುವ ದಾರಿಯಲ್ಲಿ ಒಂಟಿ ಸಲಗ ನಿಂತಿತ್ತು. ಹಾಲು ತರುತ್ತಿದ್ದವರು ಕ್ಯಾನು ಬಿಸಾಡಿ ಓಡಿದರು. ಅವತ್ತೇ ಸುಲೋಚನಮ್ಮ ಹಾಲು ಹಾಕುವ ಇಪ್ಪತ್ತೆಂಟು ಮನೆಯವರನ್ನು ಸೇರಿಸಿ ‘ಆನೆ ಎಲ್ಲಿದೆ’ ಎಂಬ ಗ್ರೂಪು ಮಾಡಿದರು. ಆನೆ ಕಂಡವರು ಎಲ್ಲಿ ಎಂದು ಬರೆಯಬೇಕು, ಉಳಿದವರು ಓದಬೇಕು. ಬೇರೆ ಮಾತು ಬೇಡ. ಇಷ್ಟೇ ಕಟ್ಟಳೆ.

ಇಪ್ಪತ್ತೆಂಟು ಮನೆ ಇದ್ದಾಗ ಕಟ್ಟಳೆ ನಡೆಯಿತು. ಆಮೇಲೆ ಕೊಪ್ಪದವರು ಬಂದರು, ಶೃಂಗೇರಿ ಕಡೆಯ ನೆಮ್ಮಾರಿನವರು ಬಂದರು, ಅವರ ಬಾವ, ಬಾವನ ತಮ್ಮ ಎಂದು ಸಂಖ್ಯೆ ಒಂಬೈನೂರು ದಾಟಿತು. ಆನೆ ಹಿಂದೆ ಬಿತ್ತು. ಹೂವಿನ ಚಿತ್ರದ ಶುಭೋದಯ ಬಂತು, ಸಕ್ಕರೆ ಕಾಯಿಲೆಗೆ ಔಷಧಿ ಬಂತು, ಚುನಾವಣೆ ಬಂತು, ಅದರ ಹಿಂದೆಯೇ ಜಾತಿ ಎತ್ತಿ ಬೈಯುವುದೂ ಬಂತು. ಯಾವುದೋ ರಾಜ್ಯದ ಆನೆಯ ಹಳೆ ವಿಡಿಯೋ ಹಾಕಿ ‘ಈಗಷ್ಟೇ ನಮ್ಮ ಊರಲ್ಲಿ’ ಎಂದು ಬರೆದವನನ್ನು ನಂಬಿ ಒಂದೂರಿನ ಮಕ್ಕಳು ಇಡೀ ದಿನ ಶಾಲೆಗೆ ಹೋಗಲಿಲ್ಲ. ಒಂದು ಕೈಯಲ್ಲಿ ಹಾಲಿನ ಅಳತೆ, ಇನ್ನೊಂದರಲ್ಲಿ ಫೋನು ಹಿಡಿದು ಅಳಿಸುತ್ತ ಕೂರುವುದೇ ಸುಲೋಚನಮ್ಮನ ಪಾಡಾಯಿತು. ಅಳಿಸಿದರೆ ‘ನಂದೇ ಯಾಕೆ ಅಳಿಸಿದ್ರಿ’ ಎಂದು ಒಬ್ಬನ ಫೋನು, ಅಳಿಸದಿದ್ದರೆ ‘ಅವನದ್ದು ಯಾಕೆ ಬಿಟ್ರಿ’ ಎಂದು ಇನ್ನೊಬ್ಬನದು. ಸಾಕುಸಾಕಾಗಿ ಹೋಗಿತ್ತು.

ಅದರ ಮೇಲೆ ಅವರದ್ದೇ ಒಂದು ಹಟ. ನಮ್ಮ ಕಡೆ ಮದುವೆಗೆ ಮನೆ ಬಾಗಿಲಿಗೆ ಹೋಗಿ ಕರೆಯಬೇಕು, ಫೋನಿನಲ್ಲಿ ಕರೆದರೆ ಕರೆದಂತಲ್ಲ. ಹಾಗಿದ್ದ ಮೇಲೆ ಒಬ್ಬರನ್ನು ಹೊರಗೆ ಕಳಿಸುವುದನ್ನೂ ಬಾಗಿಲಿಗೆ ಹೋಗಿಯೇ ಹೇಳಬೇಕು ಎಂಬುದು ಸುಲೋಚನಮ್ಮನ ನ್ಯಾಯ. ಊಟಕ್ಕೆ ಕೂತವನನ್ನು ಎಲೆಯಿಂದ ಎಬ್ಬಿಸುವಾಗ ಅವನ ಮುಖ ನೋಡುವ ಧೈರ್ಯವಾದರೂ ಬೇಡವೇ ಎನ್ನುತ್ತಿದ್ದರು. ಹಾಗೆಂದು ಬಸ್ಸು ಬದಲಿಸಿ ನೆಮ್ಮಾರಿನ ಒಬ್ಬನ ಮನೆಗೂ ಹೋಗಿ ಬಂದಿದ್ದಾರೆ. ಆ ಮನೆಯವರು ಕಾಫಿ ಕೊಟ್ಟು, ಹಲಸಿನ ಹಪ್ಪಳ ಕಟ್ಟಿಕೊಟ್ಟು, ಇನ್ನು ಹಾಗೆ ಬರೆಯುವುದಿಲ್ಲ ಎಂದರು. ಬರೆಯಲೂ ಇಲ್ಲ. ಆದರೆ ಒಬ್ಬನನ್ನು ಸರಿಮಾಡಿ ಬರುವಷ್ಟರಲ್ಲಿ ಹತ್ತು ಜನ ಹೊಸಬರು ಸೇರಿರುತ್ತಿದ್ದರು. ಮಂಡಿ ನೋವು ಬೇರೆ ಹಿಡಿದುಕೊಂಡಿತ್ತು.

ಡೇರಿಯಿಂದ ಎರಡು ಮೈಲಿ ಆಚೆ ಕಾಫಿ ತೋಟವಿರುವ ಮಂಜಪ್ಪನ ಮನೆಗಂತೂ ಮೂರು ಸಲ ಹೋಗಿಯಾಗಿತ್ತು. ಮೂರು ಸಲವೂ ಹೂಂ ಅಂದಿದ್ದ. ನಾಯಿ ಬಾಲ ಡೊಂಕೇ. ಕಳೆದ ಮಂಗಳವಾರ ಬೆಳಿಗ್ಗೆ ಯಾರದ್ದೋ ಜಗಳದ ನಡುವೆ ‘ಹಾಲು ಅಳೆಯೋರಿಗೆ ಆನೆ ಉಸಾಬರಿ ಯಾಕೆ’ ಎಂದು ಬರೆದ, ಒಂಬೈನೂರು ಜನರ ಎದುರು. ನಾಲ್ಕು ಜನ ನಗುವ ಮುಖ ಒತ್ತಿದರು. ಸುಲೋಚನಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಾಯಿತು. ನಾಲ್ಕನೇ ಸಲ ಇವನ ಮೆಟ್ಟಿಲು ಹತ್ತಿ ಯಾಕೆ ಸಾಯಲಿ ಎಂದುಕೊಂಡರು. ಆರು ಗಂಟೆಗೆ, ಹಾಲಿನವರ ಸಾಲು ಎದುರಿಗೆ ನಿಂತಿರುವಾಗಲೇ, ಮೊದಲ ಬಾರಿಗೆ ಮನೆಗೆ ಹೋಗಿ ಹೇಳದೆ ಒಬ್ಬನನ್ನು ತೆಗೆದುಹಾಕಿದರು. ಮನಸ್ಸು ಹಗುರಾಯಿತು. ಇಷ್ಟು ಸುಲಭವಿತ್ತೇ ಎನಿಸಿತು.

ಆರೂವರೆಗೆ ಅರಣ್ಯ ಇಲಾಖೆಯ ವಾಚರ್ ಒಬ್ಬರು ಗ್ರೂಪಿನಲ್ಲಿ ಬರೆದರು: ಸಲಗ ಮಂಜಪ್ಪನವರ ತೋಟದ ಕೆಳಗಿನ ಗೇಟಿನ ಹತ್ತಿರ, ಮೋರಿ ಪಕ್ಕ ಇದೆ. ಮೂವತ್ತು ಜನ ಕೈ ಮುಗಿಯುವ ಚಿತ್ರ ಹಾಕಿದರು. ಸುಲೋಚನಮ್ಮ ಇನ್ನೊಂದು ಕ್ಯಾನಿನ ಹಾಲು ಅಳೆಯತೊಡಗಿದರು. ಅಳೆಯುತ್ತಿದ್ದವರು ಅಳತೆಯನ್ನು ಅಲ್ಲೇ ಕೆಳಗಿಟ್ಟರು.

ಸೀತಕ್ಕ ಮತ್ತು ಜೊತೆಯ ನಾಲ್ಕು ಹೆಂಗಸರು ಮಂಜಪ್ಪನ ತೋಟದ ಕೆಲಸಕ್ಕೆ ನಡೆದು ಹೋಗುವುದು ಅದೇ ಗೇಟಿನಲ್ಲಿ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಸಣ್ಣ ಫೋನು, ಅದೂ ಐವರಿಗೆ ಒಂದೇ. ಗ್ರೂಪಿನಲ್ಲಿ ಆನೆ ಸುದ್ದಿ ಕಂಡ ದಿನ ಮಂಜಪ್ಪ ಸೀತಕ್ಕನಿಗೆ ಫೋನ್ ಮಾಡಿ ಬರಬೇಡಿ ಎನ್ನುತ್ತಿದ್ದ. ಮಾತು ಕೊಳಕಾದರೂ ಆ ಒಂದು ಕೆಲಸ ತಪ್ಪಿಸಿರಲಿಲ್ಲ. ಅದು ಸುಲೋಚನಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಮರೆತಿದ್ದರು.

ಮಂಜಪ್ಪನಿಗೆ ಫೋನ್ ಮಾಡಿದರು. ಕಟ್ ಮಾಡಿದ. ಮತ್ತೆ ಮಾಡಿದರು, ಮತ್ತೆ ಕಟ್. ಸೀತಕ್ಕನ ನಂಬರು ಇವರಲ್ಲಿ ಇರಲಿಲ್ಲ. ಅವಳ ಮನೆ ಡೇರಿಯಿಂದ ಅರ್ಧ ಮೈಲಿಯೂ ಇಲ್ಲ, ಆದರೆ ಅವಳು ಡೇರಿಗೆ ಹಾಲು ಹಾಕುವವಳಲ್ಲವಲ್ಲ. ಹಾಲಿನ ಸಾಲನ್ನು ಹಾಗೇ ಬಿಟ್ಟು ಸ್ಕೂಟಿ ಹತ್ತಿದರು.

ಮೋರಿಗೆ ಇನ್ನೂ ಒಂದು ತಿರುವು ಇರುವಾಗ ಹೆಂಗಸರು ರಸ್ತೆ ಬದಿಯಲ್ಲಿ ಕೂತಿದ್ದರು. ಐದು ತಲೆ ಎಣಿಸಿದ ಮೇಲೆಯೇ ಸುಲೋಚನಮ್ಮನಿಗೆ ಉಸಿರು ಬಂದದ್ದು. ಸಲಗ ಎದುರಿಗೇ ಬಂದಿತ್ತಂತೆ. ಓಡುವಾಗ ಅವರಲ್ಲೊಬ್ಬಳಾದ ಭಾಗ್ಯ ಚರಂಡಿಗೆ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಮಂಜಪ್ಪ ಗೌಡ್ರು ಇವತ್ತು ಫೋನ್ ಮಾಡ್ಲಿಲ್ಲ ಅಮ್ಮ,” ಎಂದಳು ಸೀತಕ್ಕ. “ಫೋನ್ ಬರ್ಲಿಲ್ಲ ಅಂದ್ರೆ ಆನೆ ಇಲ್ಲ ಅಂತ್ಲೇ ನಾವು ಹೊರಡದು.”

“ತಪ್ಪು ನಂದು ಸೀತಕ್ಕ. ಅವನ್ನ ನಾನು ಗ್ರೂಪಿಂದ ತೆಗ್ದೆ.”

“ಎಂತಕ್ಕೆ?”

“ನಂಗೆ ಬೈದ.”

ಸೀತಕ್ಕ ಭಾಗ್ಯಳ ಕೈಯನ್ನು ನೋಡಿದಳು. “ನಮಗೂ ಬೈತಾರೆ ಅಮ್ಮ, ದಿನಾ,” ಎಂದಳು. ಆಮೇಲೆ, “ಆ ಗ್ರೂಪಲ್ಲಿ ನಮ್ಮೋರು ಯಾರಿದ್ದಾರೆ?” ಎಂದು ಕೇಳಿದಳು. ಮಾತಿನಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದು.

ಸುಲೋಚನಮ್ಮ ಮನಸ್ಸಿನಲ್ಲೇ ಹುಡುಕಿದರು. ಕಾರಿನಲ್ಲಿ ಓಡಾಡುವವರಿದ್ದರು, ಎಂಟು ಗಂಟೆಗೆ ಏಳುವವರಿದ್ದರು, ಊರು ಬಿಟ್ಟು ಎಷ್ಟೋ ವರ್ಷವಾದವರೂ ಇದ್ದರು. ಬೆಳಗಾಗುತ್ತಲೇ ಆನೆ ದಾರಿಯಲ್ಲಿ ನಡೆದು ಕೂಲಿಗೆ ಹೋಗುವವರು ಒಬ್ಬರೂ ಇರಲಿಲ್ಲ. ನಾಲ್ಕು ವರ್ಷ ನಿದ್ದೆಗೆಟ್ಟು ಕಾದದ್ದು ಯಾರನ್ನು ಎಂದು ನಾಚಿಕೆಯಾಯಿತು. ಸೀತಕ್ಕನ ನಂಬರು ಕೇಳಿ ಬರೆದುಕೊಂಡರು.

ಭಾಗ್ಯಳನ್ನು ಕೊಪ್ಪಕ್ಕೆ ಕರೆದೊಯ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ಮಧ್ಯಾಹ್ನವಾಗಿತ್ತು. ಅಲ್ಲಿಂದ ನೇರ ಹೋಗಿ ಮಂಜಪ್ಪನ ಮೆಟ್ಟಿಲನ್ನು ನಾಲ್ಕನೇ ಸಲ ಹತ್ತಿದರು. ಸುದ್ದಿ ಮುಟ್ಟಿತ್ತು. ಮಂಜಪ್ಪ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

“ಮನೆಗೆ ಬಂದು ಹೇಳಿ ತೆಗೀಬೇಕಿತ್ತು ಸುಲೋಚನಕ್ಕ.”

“ಹೌದು ಮಾರಾಯ. ನೀನೂ ಫೋನ್ ಎತ್ತಬೇಕಿತ್ತು.”

“ಬೈಯಕ್ಕೆ ಮಾಡಿದ್ದು ಅಂದ್ಕಂಡೆ.”

ಕಾಫಿ ಬಂತು, ಸುಲೋಚನಮ್ಮ ಕುಡಿಯಲಿಲ್ಲ. ಅವನೆದುರೇ ಅವನನ್ನು ಮತ್ತೆ ಗ್ರೂಪಿಗೆ ಸೇರಿಸಿ ಎದ್ದು ಬಂದರು.

ಮರುದಿನ ಡೇರಿ ಬಾಗಿಲು ತೆಗೆದಾಗ ಗ್ರೂಪಿನಲ್ಲಿ ಇನ್ನೂರು ಸಂದೇಶ ಬಿದ್ದಿದ್ದವು. ಕೊನೆಯದು ಮಂಜಪ್ಪನ ಹೂವಿನ ಶುಭೋದಯ. ಅಳಿಸುವ ಗೋಜಿಗೆ ಹೋಗಲಿಲ್ಲ. ವಾಚರ್‌ಗೆ ಫೋನ್ ಮಾಡಿ ವಿಚಾರಿಸಿದರು, ಆಮೇಲೆ ಬರೆದುಕೊಂಡಿದ್ದ ನಂಬರು ಒತ್ತಿದರು.

“ಆನೆ ಇಲ್ಲ ಸೀತಕ್ಕ. ಹೊಳೆ ಆಚೆ ಹೋಗಿದೆ.”

“ಇಲ್ಲ ಅನ್ನಕ್ಕೂ ಫೋನ್ ಮಾಡಿದ್ರಾ ಅಮ್ಮ?”

“ಇನ್ನು ದಿನಾ ಮಾಡ್ತೀನಿ. ಫೋನ್ ಬರ್ಲಿಲ್ಲ ಅಂದ್ರೆ ಹೊರಡಬೇಡಿ.”

“ಆಯ್ತಮ್ಮ,” ಎಂದಳು ಸೀತಕ್ಕ. “ಇವತ್ತು ನಾವು ನಾಲ್ಕೇ ಜನ.”